ಎದೆಬಡಿತಕ್ಕೆ ಹೆದರುವವರು ಓಡಬಹುದಾ?

ಮೂರನೇ ಮಹಡಿಯ ಲ್ಯಾಬಿಗೆ ಮೆಟ್ಟಿಲು ಹತ್ತಿದರೆ ನಮಗೆಲ್ಲ ಏದುಸಿರು ಬರುತ್ತೆ, ಎದೆ ಡಬಡಬ ಅನ್ನುತ್ತೆ. ‘ಫಿಟ್‌ನೆಸ್ ಹೋಯ್ತು ಮಗಾ’ ಅಂತ ನಕ್ಕು ಸುಮ್ಮನಾಗ್ತೀವಿ. ಆದರೆ ಲೈಬ್ರರಿಯಲ್ಲಿ ಸುಮ್ಮನೆ ಕೂತಿದ್ದಾಗ, ಕಾರಣವೇ ಇಲ್ಲದೆ ಹೀಗಾದರೆ? ‘ಸತ್ತೇ ಹೋಗ್ತೀನೇನೋ’ ಅನ್ನಿಸುವಷ್ಟು ಭಯ ಆಗಬಹುದು. ಇದೇ ಪ್ಯಾನಿಕ್ ಅಟ್ಯಾಕ್. ಕೆಲವೇ ನಿಮಿಷಗಳಲ್ಲಿ ಜೋರಾಗಿ, ಆಮೇಲೆ ಇಳಿಯುತ್ತೆ. ಇದು ಮತ್ತೆ ಮತ್ತೆ ಬಂದು, ‘ಇನ್ನು ಯಾವಾಗ ಬರುತ್ತೋ’ ಎಂಬ ಆತಂಕದಲ್ಲೇ ದಿನಗಳು ಕಳೆಯುವಂತಾದರೆ ಅದು ಪ್ಯಾನಿಕ್ ಡಿಸಾರ್ಡರ್.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಎದೆ ಬಡಿದುಕೊಂಡಿತು ಅಂತ ಭಯ, ಭಯದಿಂದ ಅಡ್ರಿನಲಿನ್, ಅದರಿಂದ ಬಡಿತ ಇನ್ನೂ ಜೋರು. ಸ್ಪೀಕರ್ ಮುಂದೆ ಮೈಕ್ ಹಿಡಿದರೆ ಕುಂಯ್ ಅನ್ನುತ್ತಲ್ಲ, ಹಾಗೆ. ಆಮೇಲೆ ಬಡಿತ ಏರಿಸುವ ಆಟ, ಓಟ, ಮೆಟ್ಟಿಲು ಎಲ್ಲವನ್ನೂ ಬಿಡುವವರಿದ್ದಾರೆ. ಬಿಟ್ಟಷ್ಟೂ ಭಯ ಗಟ್ಟಿಯಾಗುತ್ತೆ.

ಬಿರುಸು ನಡಿಗೆ, ಓಟ, ಸೈಕ್ಲಿಂಗ್‌ನಂಥ ಏರೋಬಿಕ್ ವ್ಯಾಯಾಮ ನೆರವಾಗೋದು ಇಲ್ಲೇ. ಓಡುವಾಗಲೂ ಅದೇ ಬಡಿತ, ಅದೇ ಬೆವರು. ನಿಂತರೆ ತಾನಾಗೇ ಇಳಿಯುತ್ತೆ. ಹತ್ತಾರು ಸಲ ಹೀಗಾದ ಮೇಲೆ, ‘ಬಡಿತ ಅಂದ್ರೆ ಅಪಾಯ ಅಲ್ಲ’ ಅಂತ ಮನಸ್ಸು ಕಲಿಯುತ್ತೆ.

ಜರ್ಮನಿಯ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 46 ರೋಗಿಗಳನ್ನು ಮೂರು ಗುಂಪು ಮಾಡಿ, 10 ವಾರ ಒಂದು ಗುಂಪಿಗೆ ಓಟ, ಒಂದಕ್ಕೆ ಕ್ಲೋಮಿಪ್ರಮಿನ್ ಮಾತ್ರೆ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ಹುಸಿ ಮಾತ್ರೆಗಿಂತ ಓಟ ಚೆನ್ನಾಗಿ ಕೆಲಸ ಮಾಡಿತು. ಆದರೆ ಕ್ಲೋಮಿಪ್ರಮಿನ್ ಅದಕ್ಕಿಂತ ಬೇಗ, ಅದಕ್ಕಿಂತ ಹೆಚ್ಚು ಗುಣ ತೋರಿಸಿತು. ಅಂದ್ರೆ ಓಟ ಚಿಕಿತ್ಸೆಗೆ ಜೊತೆಗಾರ, ಬದಲಿ ಅಲ್ಲ. ‘ಗ್ರೌಂಡಿಗೆ ಬಾ, ಮಾತ್ರೆ ಬಿಡು’ ಅಂತ ಯಾರಿಗೂ ಹೇಳಬೇಡಿ.

ಮೊದಲು ಡಾಕ್ಟರ್ ಹತ್ತಿರ ಹೋಗಿ, ಹೃದಯ, ಥೈರಾಯ್ಡ್ ತೊಂದರೆ ಇಲ್ಲ ಅಂತ ಖಚಿತ ಮಾಡ್ಕೊಳ್ಳಿ. ಆಮೇಲೆ 10 ನಿಮಿಷದ ಬಿರುಸು ನಡಿಗೆಯಿಂದ ಶುರು ಮಾಡಿ, ನಿಧಾನಕ್ಕೆ ಹೆಚ್ಚಿಸಿ. ಮೊದಮೊದಲು ಬಡಿತ ಏರಿದಾಗ ಹೆದರಿಕೆ ಆಗಬಹುದು. ಆಗ ವೇಗ ಇಳಿಸಿ, ಆದರೆ ಓಡಿ ರೂಮು ಸೇರ್ಕೋಬೇಡಿ. ಬಡಿತ ಇಳಿಯೋದನ್ನ ಅಲ್ಲೇ ನೋಡಿ.

ರೂಮ್‌ಮೇಟ್‌ಗೆ ಹೀಗಾಗ್ತಿದ್ರೆ ‘ಟೆನ್ಷನ್ ತಗೋಬೇಡ’ ಅನ್ನೋದಕ್ಕಿಂತ, ಸಂಜೆ ಅವರ ಜೊತೆ ಗ್ರೌಂಡಿನಲ್ಲಿ ಎರಡು ಸುತ್ತು ಹಾಕೋಣ. ಯಾರ ಹತ್ತಿರ ಹೇಳ್ಕೊಳ್ಳೋದು ಅಂತ ಗೊತ್ತಾಗದಿದ್ರೆ, ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಕನ್ನಡದಲ್ಲೇ ಮಾತಾಡಬಹುದು.