ಕ್ಲೌಡ್ ಎಂಬ ಚಾಳ್: ಬೀಗದ ಕೈ ಯಾರ ಬಳಿ?

2005ರ ಜುಲೈ 26. ಮುಂಬೈಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ದಾಖಲಾಯಿತು. ಮೀಠಿ ನದಿ ಉಕ್ಕಿ ಕುರ್ಲಾದ ತಗ್ಗು ಗಲ್ಲಿಗಳಿಗೆ ನುಗ್ಗಿತು. ಜೀವಗಳು ಹೋದವು, ಮನೆ ಅಂಗಡಿಗಳು ಹಾಳಾದವು. ನೀರು ಹೊಕ್ಕ ಖೋಲಿಗಳಲ್ಲಿ ಟ್ರಂಕಿನೊಳಗಿನ ರೇಷನ್ ಕಾರ್ಡ್, ಶಾಲೆಯ ಸರ್ಟಿಫಿಕೇಟ್, ನಿಕಾಹ್‌ನಾಮಾ ಎಲ್ಲವೂ ಮುದ್ದೆಯಾದವು. ಕಾಗದ ಕಳೆದುಕೊಂಡ ಬಡವನ ಪಾಡು ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಈಗ ಅವನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದು "ಕ್ಲೌಡ್‌ಗೆ ಹಾಕಿದ್ದೀನಿ" ಅಂತ ನಿಶ್ಚಿಂತೆಯಿಂದ ಇರುತ್ತೇವೆ. ಈ ಕ್ಲೌಡ್ ಎಲ್ಲಿದೆ ಅಂತ ತರಗತಿಯಲ್ಲಿ ಕೇಳಿ ನೋಡಿ, ಮಕ್ಕಳು ಮೇಲೆ ನೋಡುತ್ತಾರೆ. ಅದು ಇರುವುದು ನೆಲದ ಮೇಲೆಯೇ. ಅಮೆಜಾನ್ 2016ರಲ್ಲಿ, ಗೂಗಲ್ 2017ರಲ್ಲಿ ಮುಂಬೈಯಲ್ಲೇ ತಮ್ಮ ಕ್ಲೌಡ್ ಕೇಂದ್ರಗಳನ್ನು ತೆರೆದವು. ಕುರ್ಲಾಕ್ಕೆ ಹತ್ತಿರದ ಚಾಂದಿವಲಿಯಲ್ಲೂ ಡೇಟಾ ಸೆಂಟರ್‌ಗಳಿವೆ. ಸಾಲು ಸಾಲು ಕಂಪ್ಯೂಟರ್, ತಂಪು ಮಾಡುವ ಯಂತ್ರ, ಜನರೇಟರ್, ಗೇಟಿನಲ್ಲಿ ಕಾವಲುಗಾರ. ಕ್ಲೌಡ್ ಅಂದರೆ ಇಷ್ಟೇ: ಬೇರೆಯವರ ಕಂಪ್ಯೂಟರಿನಲ್ಲಿ ನಿಮಗೊಂದು ಬಾಡಿಗೆ ಜಾಗ.

ಕುರ್ಲಾದ ಚಾಳ್ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದು ಕಟ್ಟಡ, ಒಳಗೆ ಹತ್ತಾರು ಖೋಲಿ, ಖೋಲಿಗೊಂದು ಬಾಗಿಲು, ಬಾಗಿಲಿಗೊಂದು ಬೀಗ. ಹಾಗೆಯೇ ಒಂದು ದೊಡ್ಡ ಕಂಪ್ಯೂಟರನ್ನು ತಂತ್ರಾಂಶದ ಗೋಡೆ ಹಾಕಿ ಹಲವು ಕಂಪ್ಯೂಟರುಗಳಂತೆ ಬಳಸಬಹುದು. ಇವಕ್ಕೆ ವರ್ಚುವಲ್ ಮೆಷಿನ್ ಅನ್ನುತ್ತಾರೆ. ಗೋಡೆ ಕಟ್ಟುವ ಕೆವಿಎಂ ಎಂಬ ತಂತ್ರಾಂಶ 2007ರಲ್ಲೇ ಲಿನಕ್ಸ್‌ನೊಳಗೆ ಸೇರಿತು. ಅದು ಎಲ್ಲರಿಗೂ ಉಚಿತ.

ಒಂದು ಚಾಳ್ ಆದರೆ ಒಬ್ಬ ಮುಕಾದಮ ನೋಡಿಕೊಂಡಾನು. ಸಾವಿರ ಚಾಳ್ ಇದ್ದರೆ? ಯಾವ ಖೋಲಿ ಖಾಲಿ, ಯಾರಿಗೆ ಯಾವ ಕೀಲಿ, ನೀರು ಕರೆಂಟ್ ಎಲ್ಲಿಂದ ಎಂಬುದನ್ನೆಲ್ಲ ನೋಡುವ ಒಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆಯೇ ಕ್ಲೌಡ್ ಪ್ಲಾಟ್‌ಫಾರ್ಮ್. ಇದರಲ್ಲಿ ಹೆಸರುವಾಸಿಯಾದದ್ದು ಓಪನ್‌ಸ್ಟ್ಯಾಕ್. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಕಂಪನಿ ತಮ್ಮ ತಮ್ಮ ಕೋಡ್ ಕೊಟ್ಟು 2010ರ ಜುಲೈಯಲ್ಲಿ ಇದನ್ನು ಶುರುಮಾಡಿದವು. ಇದರ ಭಾಗಗಳನ್ನು ಚಾಳಿನ ಭಾಷೆಯಲ್ಲೇ ಹೇಳಬಹುದು. ನೋವಾ ಖೋಲಿ ಕಟ್ಟಿಕೊಡುತ್ತದೆ. ನ್ಯೂಟ್ರಾನ್ ಖೋಲಿಯಿಂದ ಖೋಲಿಗೆ ಗಲ್ಲಿ ಹಾಕುತ್ತದೆ. ಸಿಂಡರ್ ಸಾಮಾನಿಡಲು ಕಪಾಟು ಕೊಡುತ್ತದೆ. ಕೀಸ್ಟೋನ್ ರಿಜಿಸ್ಟರ್ ಹಿಡಿದು ಬಾಗಿಲಲ್ಲಿ ಕೂತು "ನೀವ್ಯಾರು?" ಅಂತ ಕೇಳುತ್ತದೆ. ಹೊರೈಜನ್ ಆಫೀಸಿನ ಕಿಟಕಿ, ನಾವು ನೀವು ಹೋಗಿ ಬೇಕಾದ್ದು ಕೇಳುವ ಜಾಗ.

ಇದೊಂದೇ ಅಲ್ಲ. ಸಿಟ್ರಿಕ್ಸ್ ಕಂಪನಿ 2012ರಲ್ಲಿ ಅಪಾಚೆ ಫೌಂಡೇಶನ್‌ಗೆ ಒಪ್ಪಿಸಿದ ಕ್ಲೌಡ್‌ಸ್ಟ್ಯಾಕ್ ಇದೆ, ಸ್ಪೇನ್‌ನಲ್ಲಿ ಹುಟ್ಟಿದ ಓಪನ್‌ನೆಬ್ಯುಲಾ ಇದೆ. ಜಿನೀವಾ ಬಳಿಯ ಸರ್ನ್ ವಿಜ್ಞಾನ ಕೇಂದ್ರ 2013ರಿಂದ ತನ್ನ ಕ್ಲೌಡನ್ನು ಓಪನ್‌ಸ್ಟ್ಯಾಕ್ ಮೇಲೆಯೇ ನಡೆಸುತ್ತಿದೆ. ನಮ್ಮ ದೇಶದಲ್ಲಿ ಸರಕಾರಿ ಇಲಾಖೆಗಳಿಗಾಗಿ "ಮೇಘರಾಜ್" ಯೋಜನೆ ಬಂತು. ಅದರಡಿ ಎನ್‌ಐಸಿಯ ರಾಷ್ಟ್ರೀಯ ಕ್ಲೌಡ್ 2014ರಲ್ಲಿ ಶುರುವಾಯಿತು. ಮುಕ್ತ ತಂತ್ರಾಂಶಗಳನ್ನು ಆಧರಿಸಿ ಸಿ-ಡ್ಯಾಕ್ "ಮೇಘದೂತ್" ಎಂಬ ಕ್ಲೌಡ್ ವ್ಯವಸ್ಥೆಯನ್ನು ರೂಪಿಸಿತು.

ಇದೆಲ್ಲ ನಮಗೇಕೆ ಅಂತೀರಾ? ಬಾಡಿಗೆ ಖೋಲಿಯಲ್ಲಿ ಬೆಳೆದವರಿಗೆ ಗೊತ್ತು, ಮಾಲೀಕ ಬದಲಾದರೆ ಷರತ್ತೂ ಬದಲಾಗುತ್ತದೆ. 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರ್ ಎಂಬ ದೊಡ್ಡ ಕಂಪನಿಯನ್ನು ಕೊಂಡಿತು. ಮರುತಿಂಗಳೇ ಒಮ್ಮೆ ಹಣ ಕೊಟ್ಟು ಕೊಳ್ಳುವ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ಹೋಯಿತು. ಹತ್ತಾರು ವರ್ಷ ಅದನ್ನೇ ನಂಬಿದವರು ಮುಕ್ತ ತಂತ್ರಾಂಶಗಳ ಕಡೆ ನೋಡತೊಡಗಿದರು.

ನಮ್ಮಲ್ಲಿ ವಕ್ಫ್ ಎಂಬ ಮಾತಿದೆ. ಒಬ್ಬರು ಬಾವಿ ತೋಡಿಸಿ ವಕ್ಫ್ ಮಾಡಿದರೆ ಅದನ್ನು ಯಾರೂ ಮಾರುವಂತಿಲ್ಲ, ನೀರು ಎಲ್ಲರಿಗೂ. ಮುಕ್ತ ತಂತ್ರಾಂಶವೂ ಹೆಚ್ಚುಕಡಿಮೆ ಹಾಗೆಯೇ. ಒಮ್ಮೆ ಆ ಲೈಸೆನ್ಸಿನಲ್ಲಿ ಹೊರಬಿಟ್ಟ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಡೆಸಬಹುದು. ಕಂಪನಿ ನಾಳೆ ಮನಸ್ಸು ಬದಲಿಸಿದರೂ ಇವತ್ತಿನ ಕೋಡ್ ನಿಮ್ಮ ಕೈಯಲ್ಲಿರುತ್ತದೆ.

ಆದರೆ ಬಾವಿಗೂ ಹೂಳೆತ್ತುವವರು ಬೇಕು. ಲೈಸೆನ್ಸಿಗೆ ಹಣ ಬೇಡ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ಯಂತ್ರ, ಕರೆಂಟ್, ಎಲ್ಲಕ್ಕಿಂತ ಹೆಚ್ಚಾಗಿ ತಿಳಿದ ಜನ ಬೇಕು. ಓಪನ್‌ಸ್ಟ್ಯಾಕ್ ದೊಡ್ಡ ಸಂಸ್ಥೆಗಳ ಕೆಲಸ, ಒಂದು ಜಮಾಅತಿಗೋ ಶಾಲೆಗೋ ಅದು ಭಾರವೇ. ವಿದ್ಯಾರ್ಥಿವೇತನದ ಅರ್ಜಿಗಳು, ಮಕ್ಕಳ ದಾಖಲೆಗಳು ಇಡಲು ಒಂದೇ ಸರ್ವರಿನಲ್ಲಿ ನಡೆಯುವ ನೆಕ್ಸ್ಟ್‌ಕ್ಲೌಡ್‌ನಂಥ ಮುಕ್ತ ತಂತ್ರಾಂಶ ಸಾಕು. ಅದನ್ನು ನೋಡಿಕೊಳ್ಳುವವರೂ ಇಲ್ಲವಾದರೆ ಬಾಡಿಗೆ ಕ್ಲೌಡೇ ವಾಸಿ. ಮಾಹಿತಿಯನ್ನು ಪೂರ್ತಿಯಾಗಿ ಹೊರಗೆ ತೆಗೆದುಕೊಳ್ಳಲು ಆಗುತ್ತದೆಯೇ ಎಂದು ಮೊದಲೇ ಕೇಳಿ ಸೇರಿಕೊಳ್ಳಿ.

ಮತ್ತೊಂದು ಮಾತು. ಸರ್ವರ್ ನಮ್ಮದೇ ಅಂತ ಕುರ್ಲಾದ ನೆಲ ಅಂತಸ್ತಿನಲ್ಲಿ ಇಟ್ಟರೆ ಮುಂದಿನ ನೆರೆಗೆ ಅದೂ ಟ್ರಂಕಿನ ಪಾಡೇ. ಓಪನ್‌ಸ್ಟ್ಯಾಕ್ ಜೊತೆ ಹೆಚ್ಚಾಗಿ ಬಳಸುವ ಸೆಫ್ ಎಂಬ ಮುಕ್ತ ತಂತ್ರಾಂಶ ಸಾಮಾನ್ಯವಾಗಿ ಪ್ರತಿ ಮಾಹಿತಿಯ ಮೂರು ಪ್ರತಿ ಇಡುತ್ತದೆ, ಒಂದು ಯಂತ್ರ ಕೆಟ್ಟರೂ ಉಳಿದದ್ದು ಇರಲಿ ಅಂತ. ನೀವೂ ಮೂರು ಪ್ರತಿ ಇಡಿ, ಅದರಲ್ಲೊಂದು ಬೇರೆ ಊರಿನಲ್ಲಿರಲಿ.

ವಿದ್ಯಾರ್ಥಿಗಳೇ, ನಿಮಗೆ ಹೇಳುವುದು ಇಷ್ಟು. ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಕೆವಿಎಂನಲ್ಲಿ ಒಂದು ವರ್ಚುವಲ್ ಮೆಷಿನ್ ಮಾಡಿ ನೋಡಿ. ಅದು ಕೈಗೆ ಹತ್ತಿದ ಮೇಲೆ, ಮೆಮೊರಿ ಹೆಚ್ಚಿರುವ ಯಂತ್ರ ಸಿಕ್ಕರೆ, ಡೆವಲಪರುಗಳಿಗೆಂದು ಇರುವ ಡೆವ್‌ಸ್ಟ್ಯಾಕ್ ಹಾಕಿ. ಫೀಸ್ ಇಲ್ಲ, ಯಾರ ಅನುಮತಿಯೂ ಬೇಡ. ತಪ್ಪಾದರೆ ಅಳಿಸಿ ಮತ್ತೆ ಮಾಡಿ.

ಜನ ತಮ್ಮ ಕಾಗದಪತ್ರ ನಮ್ಮ ಕೈಗೆ ಕೊಟ್ಟರೆ ಅದು ಅಮಾನತ್. ಅದನ್ನು ಎಲ್ಲಿಟ್ಟಿದ್ದೇವೆ, ಕೀಲಿ ಯಾರ ಬಳಿ ಇದೆ ಎಂದು ಅವರು ಕೇಳಿದಾಗ ಉತ್ತರ ಹೇಳಬಲ್ಲವರು ನಮ್ಮ ಪ್ರತಿ ಮೊಹಲ್ಲಾದಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ನೀವೇ ಯಾಕಾಗಬಾರದು?