ನಲವತ್ತೈದರ ಮೇಲೆ ಹೊಸ ಕೆಲಸ?

ನಲವತ್ತೈದು ದಾಟಿದ ಮೇಲೆ
ಹೊಸ ಕೆಲಸಕ್ಕೆ ಕೈ ಹಾಕಬಹುದಾ?

ಕ್ಯಾಪ್ಟನ್ ಗೋಪಿನಾಥ್ ಅವರನ್ನ ನೋಡಿ.
ಹಾಸನ ಜಿಲ್ಲೆಯ ಗೊರೂರಿನವರು.
ಹುಟ್ಟಿದ್ದು 1951ರಲ್ಲಿ.

ಮೊದಲು ಸೈನ್ಯ.
ಆಮೇಲೆ ತೋಟ, ರೇಷ್ಮೆ.
ಆ ರೇಷ್ಮೆ ಕೃಷಿಗೆ 1996ರಲ್ಲಿ
ರೋಲೆಕ್ಸ್ ಪ್ರಶಸ್ತಿಯೂ ಬಂತು.

ಅಲ್ಲಿಗೇ ನಿಲ್ಲಬಹುದಿತ್ತು.
ನಿಲ್ಲಲಿಲ್ಲ.

1997ರಲ್ಲಿ ಹೆಲಿಕಾಪ್ಟರ್ ಕಂಪನಿ.
2003ರಲ್ಲಿ ಏರ್ ಡೆಕ್ಕನ್,
ಕಡಿಮೆ ದರದ ವಿಮಾನ.
ಆಗ ಅವರ ವಯಸ್ಸು ಐವತ್ತೊಂದು!

ಹಳೇ ಮಾವಿನ ಮರಕ್ಕೆ
ಹೊಸ ತಳಿ ಕಸಿ ಕಟ್ಟೋದನ್ನ ನೋಡಿದ್ದೀರಾ?
ಕೊಂಬೆ ಕಡೀತಾರೆ.
ಬುಡ ಕಡಿಯಲ್ಲ.
ಬೇರು ಆಗಲೇ ಆಳಕ್ಕೆ ಇಳಿದಿರುತ್ತೆ.
ಅದಕ್ಕೇ ಹೊಸ ಸಸಿಗಿಂತ ಬೇಗ ಹಣ್ಣು.

ನಿಮ್ಮ ಇಪ್ಪತ್ತು ವರ್ಷದ ಅನುಭವವೇ ಆ ಬೇರು.
ಜನರನ್ನ ಅರಿಯೋದು,
ದುಡ್ಡಿನ ಲೆಕ್ಕ, ತಾಳ್ಮೆ...
ಯಾವುದೂ ವ್ಯರ್ಥ ಆಗಲ್ಲ.

ಹಾಗಂತ ನಾಳೇನೇ ರಾಜೀನಾಮೆ ಕೊಡಬೇಡಿ.
ಮೊದಲು ಆರು ತಿಂಗಳ ಮನೆ ಖರ್ಚು ಕೂಡಿಡಿ.
ಶನಿವಾರ, ಭಾನುವಾರ
ಹೊಸ ಕೆಲಸ ಮಾಡಿ ನೋಡಿ.
ಮನೆಯವರ ಜೊತೆ ಕೂತು ಮಾತಾಡಿ.

ಆಮೇಲೆ ಹೆಜ್ಜೆ ಇಡಿ.
ವಯಸ್ಸಾಯ್ತು ಅನ್ನೋ ಒಂದೇ ಕಾರಣಕ್ಕೆ
ಹಿಂದೆ ಸರೀಬೇಡಿ.