ಅಲುಗದ ಪರದೆಯ ಲಾಭ: ಸ್ಕ್ರೀನ್ ರೆಕಾರ್ಡಿಂಗ್ ಜಿಫ್ ಆಗುವ ಬಗೆ

ಕಗಪ ಕೀಲಿಮಣೆ ವಿನ್ಯಾಸದಲ್ಲಿ ‘ಕನ್ನಡ’ ಎಂದು ಟೈಪಿಸಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಸಾಲಾಗಿ ಒತ್ತಬೇಕು. ಪರದೆಯ ಮೇಲೆ ಮೊದಲು ‘ಕ’, ಬಳಿಕ ‘ಕನ’, ಎಫ್ ಒತ್ತಿದೊಡನೆ ‘ಕನ್’, ಅನಂತರ ‘ಕನ್ನ’, ಕಡೆಗೆ ‘ಕನ್ನಡ’ ಮೂಡುತ್ತವೆ. ನಡುವೆ ಬರುವ ಅರ್ಧಾಕ್ಷರ ತಪ್ಪಲ್ಲ, ಮುಂದಿನ ಒತ್ತಿಗೆ ಅದು ಒತ್ತಕ್ಷರವಾಗಿ ಕೂಡಿಕೊಳ್ಳುತ್ತದೆ ಎಂಬುದನ್ನು ವಾಕ್ಯಗಳಲ್ಲಿ ವಿವರಿಸಹೊರಟರೆ ಒಂದು ಪುಟ ಹಿಡಿಯಬಹುದು. ನಾಲ್ಕು ಸೆಕೆಂಡಿನ ಚಲಿಸುವ ಚಿತ್ರವೊಂದು ಅದನ್ನು ಮಾತಿಲ್ಲದೆ ತೋರಿಸುತ್ತದೆ. ತಂತ್ರಾಂಶ ಕಲಿಸುವವರು ಪರದೆಯ ಮೇಲೆ ನಡೆಯುವುದನ್ನು ರೆಕಾರ್ಡ್ ಮಾಡಿ, ಅದನ್ನು ತಾನಾಗಿಯೇ ಓಡುತ್ತ ಮರಳಿ ಮರಳಿ ಸುತ್ತುವ ಜಿಫ್ ಕಡತವಾಗಿ ಮಾರ್ಪಡಿಸಿ ಹಂಚುವುದು ಇದೇ ಕಾರಣಕ್ಕೆ. ಹೀಗೆ ಮಾರ್ಪಟ್ಟ ಕಡತ ಕೆಲವೊಮ್ಮೆ ಅಂಗೈಯಗಲದಷ್ಟಕ್ಕೇ ನಿಲ್ಲುವುದೂ ಕೆಲವೊಮ್ಮೆ ಮೂಲ ವಿಡಿಯೋಗಿಂತ ಹಲವು ಪಟ್ಟು ಉಬ್ಬುವುದೂ ಏಕೆ ಎಂಬುದನ್ನು ಅರಿಯಲು ಅದರ ಒಳರಚನೆಯನ್ನು ನೋಡಬೇಕಾಗುತ್ತದೆ.

ಪರದೆಯ ಚಿತ್ರವು ಪಿಕ್ಸೆಲ್ ಎಂಬ ಬಣ್ಣದ ಚುಕ್ಕೆಗಳಿಂದ ಆದುದು. ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್ ಇರುವ ಸಾಮಾನ್ಯ ಪರದೆಯಲ್ಲಿ 20,73,600 ಚುಕ್ಕೆಗಳಿದ್ದು, ಪ್ರತಿಯೊಂದರ ಕೆಂಪು, ಹಸಿರು, ನೀಲಿ ಅಂಶಗಳಿಗೆ ಒಂದೊಂದು ಬೈಟ್‌ನಂತೆ ಹಿಡಿದರೆ ಒಂದು ಚಿತ್ರಕ್ಕೆ 62 ಲಕ್ಷ ಬೈಟ್, ಸೆಕೆಂಡಿಗೆ 30 ಚಿತ್ರಗಳಂತೆ ಎಣಿಸಿದರೆ 18 ಕೋಟಿಗೂ ಹೆಚ್ಚು ಬೈಟ್ ಬೇಕಾಗುತ್ತದೆ. ಇಷ್ಟನ್ನು ಇದ್ದ ಹಾಗೆಯೇ ಯಾರೂ ಕಳಿಸುವುದಿಲ್ಲ. ಎಚ್.264ರಂತಹ ವಿಡಿಯೋ ವಿಧಾನಗಳು ಕ್ಯಾಮೆರಾ ಕಂಡ ದೃಶ್ಯಗಳನ್ನು ಮುಖ್ಯವಾಗಿ ಗಮನದಲ್ಲಿಟ್ಟು ರೂಪುಗೊಂಡವು. ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಹಿಡಿಯುವಷ್ಟು ಚುರುಕಾಗಿ ಬಣ್ಣದ ಏರಿಳಿತವನ್ನು ಹಿಡಿಯಲಾರದೆಂಬುದನ್ನು ನೆಚ್ಚಿ, ಅವು ಸಾಮಾನ್ಯವಾಗಿ ಬಣ್ಣದ ವಿವರವನ್ನು ಅಡ್ಡಕ್ಕೂ ಉದ್ದಕ್ಕೂ ಅರ್ಧಕ್ಕಿಳಿಸುತ್ತವೆ. ಮರಗಿಡಗಳ ದೃಶ್ಯದಲ್ಲಿ ಈ ನಷ್ಟ ಕಾಣದು, ಆದರೆ ನೀಲಿ ಹಿನ್ನೆಲೆಯ ಮೇಲಿನ ಕೆಂಪು ಅಕ್ಷರದ ಅಂಚು ಕದಡಿಹೋಗುತ್ತದೆ.

ಜಿಫ್‌ನ ದಾರಿ ಬೇರೆ. ಅಮೆರಿಕದ ಕಂಪ್ಯುಸರ್ವ್ ಸಂಸ್ಥೆಯಲ್ಲಿ ಸ್ಟೀವ್ ವಿಲ್‌ಹೈಟ್ ಮತ್ತು ಸಂಗಡಿಗರು 1987ರಲ್ಲಿ, ದೂರವಾಣಿ ತಂತಿಯ ಮೇಲೆ ತೆವಳುತ್ತಿದ್ದ ಮೋಡೆಮ್‌ಗಳ ಕಾಲದಲ್ಲಿ, ಬಣ್ಣದ ಚಿತ್ರಗಳನ್ನು ಸಾಗಿಸಲು ಇದನ್ನು ರೂಪಿಸಿದರು. ಒಂದು ಚಿತ್ರಕ್ಕೆ ಹೆಚ್ಚೆಂದರೆ 256 ಬಣ್ಣಗಳ ಒಂದು ಪಟ್ಟಿ. ಪ್ರತಿ ಪಿಕ್ಸೆಲ್‌ಗೂ ಬಣ್ಣದ ಬದಲು ಪಟ್ಟಿಯಲ್ಲಿನ ಅದರ ಕ್ರಮಸಂಖ್ಯೆ ಮಾತ್ರ. ಇಷ್ಟರಿಂದಲೇ ಮೂರು ಬೈಟ್ ಒಂದಕ್ಕಿಳಿಯುತ್ತದೆ. ಆ ಬಳಿಕ ಬರುವುದು ಲೆಂಪೆಲ್ ಮತ್ತು ಜಿವ್ ಅವರ ಕ್ರಮವನ್ನು ಆಧರಿಸಿ ಟೆರಿ ವೆಲ್ಚ್ 1984ರಲ್ಲಿ ಪ್ರಕಟಿಸಿದ, ಮೂವರ ಹೆಸರಿನ ಮೊದಲಕ್ಷರಗಳಿಂದ ಎಲ್‌ಜೆಡ್‌ಡಬ್ಲ್ಯು ಎನಿಸಿಕೊಂಡ ಸಂಕೋಚನ ವಿಧಾನ.

ಇದು ಪಿಕ್ಸೆಲ್‌ಗಳನ್ನು ಸಾಲುಸಾಲಾಗಿ ಓದುತ್ತ, ಹಿಂದೆ ಕಂಡ ಸರಣಿಗಳಿಗೆ ಸಂಕೇತಗಳನ್ನು ಕೊಡುತ್ತ ತನ್ನದೇ ನಿಘಂಟನ್ನು ಬೆಳೆಸಿಕೊಳ್ಳುತ್ತದೆ. ಬರಿಯ ಬಿಳಿ ಪರದೆಯೊಂದನ್ನು ತೆಗೆದುಕೊಂಡರೆ, ಮೊದಲ ಸಂಕೇತ ಒಂದು ಬಿಳಿ ಪಿಕ್ಸೆಲನ್ನೂ ಎರಡನೆಯದು ಎರಡನ್ನೂ ಮೂರನೆಯದು ಮೂರನ್ನೂ ಸೂಚಿಸುತ್ತ ಹೋಗುವುದರಿಂದ, 800 ಪಿಕ್ಸೆಲ್‌ಗಳ ಒಂದು ಸಾಲಿಗೆ 40 ಸಂಕೇತಗಳು ಸಾಕು. 800ಕ್ಕೆ 450 ಅಳತೆಯ, ಅಂದರೆ 3,60,000 ಪಿಕ್ಸೆಲ್‌ಗಳ ಇಡೀ ಚಿತ್ರ 849 ಸಂಕೇತಗಳಲ್ಲಿ, ಸುಮಾರು ಒಂದು ಸಾವಿರ ಬೈಟ್‌ಗಳಲ್ಲಿ ಅಡಗುತ್ತದೆ. ಏನೂ ಕಳೆದುಹೋಗುವುದಿಲ್ಲ, ಬಿಡಿಸಿದಾಗ ಪ್ರತಿ ಪಿಕ್ಸೆಲ್ಲೂ ಇದ್ದಂತೆಯೇ ಮರಳುತ್ತದೆ. ಮೆನು, ಬಟನ್, ಖಾಲಿ ಪುಟ ಇವೆಲ್ಲ ಒಂದೇ ಬಣ್ಣದ ಅಗಲವಾದ ಹರವುಗಳಾಗಿರುವುದರಿಂದ ಕಂಪ್ಯೂಟರ್ ಪರದೆಗೆ ಈ ವಿಧಾನ ಹೇಳಿ ಮಾಡಿಸಿದಂತಿದೆ.

ಚಲನೆ ಬಂದದ್ದು ಆಮೇಲೆ. ಒಂದೇ ಕಡತದಲ್ಲಿ ಹಲವು ಚಿತ್ರಗಳನ್ನಿಡಲು ಮೊದಲ ಆವೃತ್ತಿಯಲ್ಲೇ ಎಡೆಯಿದ್ದರೂ, ಒಂದೊಂದು ಚಿತ್ರವೂ ಎಷ್ಟು ಹೊತ್ತು ನಿಲ್ಲಬೇಕು, ಯಾವ ಪಿಕ್ಸೆಲ್ ಪಾರದರ್ಶಕವಾಗಿ ಹಿಂದಿನದನ್ನು ಕಾಣಗೊಡಬೇಕು ಎಂದು ಹೇಳುವ ಸೌಕರ್ಯವನ್ನು 1989ರ ಆವೃತ್ತಿ ಸೇರಿಸಿತು. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಸುತ್ತುವ ಏರ್ಪಾಡು ಅದರಲ್ಲೂ ಇರಲಿಲ್ಲ. ಅದನ್ನು ತೊಂಬತ್ತರ ದಶಕದ ನಡುವಿನಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಎಂಬ ಬ್ರೌಸರ್‌ನ ಎರಡನೆಯ ಆವೃತ್ತಿ ತಂದಿತು. ಇವತ್ತು ತಯಾರಾದ ಸುತ್ತುವ ಜಿಫ್ ಒಂದರ ಒಡಲನ್ನು ಬಿಚ್ಚಿ ನೋಡಿದರೂ ಆರಂಭದ ಬೈಟ್‌ಗಳ ನಡುವೆ, ಬಳಕೆಯಿಂದ ಎಂದೋ ಮರೆಯಾದ ಆ ಬ್ರೌಸರ್‌ನ ಹೆಸರು ‘ನೆಟ್‌ಸ್ಕೇಪ್ 2.0’ ಎಂದು ಅಚ್ಚಾಗಿರುತ್ತದೆ. ಸಂಕೋಚನ ವಿಧಾನದ ಮೇಲಿನ ಪೇಟೆಂಟಿಗಾಗಿ ಯುನಿಸಿಸ್ ಸಂಸ್ಥೆ 1994ರ ಕೊನೆಯಲ್ಲಿ ಹಣ ಕೇಳಲಾರಂಭಿಸಿದ್ದು ಪಿಎನ್‌ಜಿ ಎಂಬ ಹೊಸ ಮಾದರಿಯ ಹುಟ್ಟಿಗೆ ಕಾರಣವಾಯಿತಾದರೂ, 2003ರಲ್ಲಿ ಅಮೆರಿಕದಲ್ಲಿ ಪೇಟೆಂಟಿನ ಅವಧಿ ಮುಗಿಯಿತು.

ರೆಕಾರ್ಡಿಂಗನ್ನು ಜಿಫ್ ಮಾಡುವ ತಂತ್ರಾಂಶದ ಎದುರಿಗಿರುವ ಮೊದಲ ಕೆಲಸ ಲಕ್ಷಾಂತರ ಬಣ್ಣಗಳಿಂದ 256ನ್ನು ಆರಿಸುವುದು. ಪರದೆಯಲ್ಲಿ ಹತ್ತಾರು ಬಣ್ಣಗಳಷ್ಟೇ ಕಂಡರೂ, ಅಕ್ಷರದ ಅಂಚು ನುಣುಪಾಗಿ ಕಾಣಲೆಂದು ಕಪ್ಪು ಬಿಳಿಗಳ ನಡುವೆ ಬೂದಿಯ ಹಲವು ಛಾಯೆಗಳನ್ನು ಸೇರಿಸಲಾಗಿರುತ್ತದೆ. ದುಂಡು ಅಕ್ಷರಗಳ ಕನ್ನಡದಲ್ಲಂತೂ ಇಂತಹ ಅಂಚುಗಳೇ ಹೆಚ್ಚು. ಬಣ್ಣಗಳ ಗುಂಪನ್ನು ಮತ್ತೆ ಮತ್ತೆ ಎರಡಾಗಿ ಸೀಳುತ್ತ ಪಟ್ಟಿ ಕಟ್ಟುವ ಒಂದು ಕ್ರಮವನ್ನು ಪಾಲ್ ಹೆಕ್‌ಬರ್ಟ್ 1982ರಲ್ಲಿ ವಿವರಿಸಿದ್ದರು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ, ಇಡೀ ರೆಕಾರ್ಡಿಂಗನ್ನು ಒಮ್ಮೆ ಓದಿ ಪಟ್ಟಿ ಸಿದ್ಧಪಡಿಸಿ, ಎರಡನೆಯ ಸಲ ಅದನ್ನು ಬಳಸಿ ಜಿಫ್ ಬರೆಯುವ ಏರ್ಪಾಡಿದೆ. ಈ ಎರಡು ಹೆಜ್ಜೆಗಳನ್ನು ಬಿಟ್ಟವರಿಗೆ ಎಲ್ಲ ಚಿತ್ರಗಳಿಗೂ ಒಂದೇ ಆದ ಸಿದ್ಧಪಟ್ಟಿಯೇ ಗತಿಯಾಗಿ, ಬಣ್ಣಗಳು ಕೆಡುತ್ತವೆ.

ಪಟ್ಟಿಯಲ್ಲಿಲ್ಲದ ಬಣ್ಣವನ್ನು ಅಕ್ಕಪಕ್ಕದ ಎರಡು ಬಣ್ಣಗಳ ಚುಕ್ಕೆಗಳನ್ನು ಬೆರೆಸಿ ಇರುವಂತೆ ತೋರಿಸುವ ತಂತ್ರಕ್ಕೆ ಡಿದರಿಂಗ್ ಎನ್ನುತ್ತಾರೆ. ಇದರಲ್ಲಿ ಹೆಸರಾದದ್ದು 1976ರ ಫ್ಲಾಯ್ಡ್–ಸ್ಟೈನ್‌ಬರ್ಗ್ ಕ್ರಮ. ಛಾಯಾಚಿತ್ರಕ್ಕೆ ಇದು ಒಪ್ಪುತ್ತದೆ, ಆದರೆ ಸಮತಲವಾಗಿದ್ದ ಬಣ್ಣದ ಹರವು ಚುಕ್ಕೆಚುಕ್ಕೆಯಾಗಿ ಒಡೆದೊಡನೆ ಎಲ್‌ಜೆಡ್‌ಡಬ್ಲ್ಯುಗೆ ಹಿಡಿಯಲು ಉದ್ದನೆಯ ಸರಣಿಗಳೇ ಸಿಗದೆ ಕಡತ ಉಬ್ಬುತ್ತದೆ. ತಂತ್ರಾಂಶದ ಪಾಠಗಳಿಗೆ ಡಿದರಿಂಗನ್ನು ಪೂರ್ತಿ ಕೈಬಿಡುವುದೇ ಹೆಚ್ಚಿನ ವೇಳೆ ಒಳಿತು.

ಮುಖ್ಯ ಉಳಿತಾಯವಿರುವುದು ಚಲಿಸದ ಭಾಗದಲ್ಲಿ. ಒಂದು ಚಿತ್ರದಿಂದ ಮುಂದಿನದಕ್ಕೆ ಬದಲಾದ ಆಯತವನ್ನಷ್ಟೇ ಬರೆದು, ಉಳಿದೆಡೆ ಹಿಂದಿನ ಚಿತ್ರವನ್ನೇ ಉಳಿಸಿಕೊಳ್ಳಲು ಜಿಫ್‌ನಲ್ಲಿ ಅವಕಾಶವಿದೆ. ‘ಕನ್’ ಎಂಬುದು ‘ಕನ್ನ’ ಆಗುವಾಗ ಬದಲಾಗುವ ಜಾಗ 120ಕ್ಕೆ 48 ಪಿಕ್ಸೆಲ್ ಎಂದಿಟ್ಟುಕೊಂಡರೆ, 800ಕ್ಕೆ 450ರ ಚಿತ್ರದಲ್ಲಿ ಅದು ನೂರರಲ್ಲಿ ಎರಡು ಪಾಲನ್ನೂ ಮುಟ್ಟುವುದಿಲ್ಲ. ಕೀಲಿಯೊತ್ತುಗಳ ನಡುವೆ ಏನೂ ಬದಲಾಗದ ಹೊತ್ತಿಗೆ ಹೊಸ ಚಿತ್ರವೇ ಬೇಡ, ಹಿಂದಿನದರ ಅವಧಿಯನ್ನು ಹಿಗ್ಗಿಸಿದರಾಯಿತು. ಹಾಗಾಗಿ ಖಾಲಿ ಪುಟ ಮತ್ತು ಐದು ಒತ್ತುಗಳ ಇಡೀ ಪಾಠ ಆರೇ ಚಿತ್ರಗಳಲ್ಲಿ ಮುಗಿಯುತ್ತದೆ. ಮಿನುಗುವ ಕರ್ಸರ್, ಸುಮ್ಮನೆ ಅಲೆದಾಡುವ ಮೌಸ್ ಬಾಣ, ಪುಟವನ್ನು ಮೇಲೆ ಕೆಳಗೆ ಸರಿಸುವ ಚಾಳಿ, ಹಿನ್ನೆಲೆಯ ಫೋಟೋ ಇವು ಈ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ. ಪುಟ ಸರಿದರೆ ವಸ್ತುಗಳು ಜಾಗ ಬದಲಿಸಿದವು ಎಂದು ವಿಡಿಯೋ ವಿಧಾನ ಗುರುತಿಸಬಲ್ಲದು; ಜಿಫ್‌ಗೆ ಅದು ತಿಳಿಯದು, ಸರಿದದ್ದನ್ನೆಲ್ಲ ಹೊಸದಾಗಿ ಬರೆಯುತ್ತದೆ.

ಅವಧಿಯನ್ನು ಅಳೆಯುವುದು ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ, ಅದೂ ಪೂರ್ಣಾಂಕಗಳಲ್ಲಿ. ಸೆಕೆಂಡಿಗೆ 30 ಚಿತ್ರಗಳೆಂದರೆ ಒಂದೊಂದಕ್ಕೆ 3.33 ಭಾಗ ಬರುವುದರಿಂದ ಆ ವೇಗ ಕರಾರುವಾಕ್ಕಾಗಿ ಕೂಡಿಬರದು. 10 ಅಥವಾ 20 ಸರಿಯಾಗಿ ಭಾಗವಾಗುತ್ತವೆ. ಪಾಠಕ್ಕೆ ಹತ್ತು ಬೇಕಾದಷ್ಟಾಯಿತು. ತೀರ ವೇಗವಾಗಲೆಂದು ಅವಧಿಯನ್ನು ಸೊನ್ನೆಗಿಳಿಸಿದರೆ ಈಗಿನ ಬ್ರೌಸರ್‌ಗಳು ಅದನ್ನು ತಿರಸ್ಕರಿಸಿ ಚಿತ್ರಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಕೊಡುವುದರಿಂದ ಫಲ ತಿರುವುಮುರುವಾಗುತ್ತದೆ. ಗಾತ್ರ ಇಳಿಸಲು ಚಿತ್ರವನ್ನು ಕುಗ್ಗಿಸುವ ರೂಢಿಯೂ ಕನ್ನಡಕ್ಕೆ ಹೊಂದುವುದಿಲ್ಲ, ಏಕೆಂದರೆ ಮೊದಲು ಮಾಸಿಹೋಗುವುದು ಅಕ್ಷರದಡಿಯ ಪುಟ್ಟ ಒತ್ತುಗಳೇ. ಬೇಡದ ಅಂಚುಗಳನ್ನು ಕತ್ತರಿಸಿ, ಬೇಕಾದ ಕಿಟಕಿಯನ್ನಷ್ಟೇ ಮೂಲ ಗಾತ್ರದಲ್ಲಿ ಉಳಿಸಿಕೊಳ್ಳುವುದು ಮೇಲು.

ಜಿಫ್‌ಗೆ ಪೈಪೋಟಿ ಇಲ್ಲದಿಲ್ಲ. ಚಲಿಸುವ ಪಿಎನ್‌ಜಿ ಮತ್ತು ಗೂಗಲ್‌ನ ವೆಬ್‌ಪಿ 256 ಬಣ್ಣಗಳ ಕಟ್ಟನ್ನು ಮೀರಿವೆ. ಟ್ವಿಟರ್ 2014ರಲ್ಲಿ ಜಿಫ್‌ಗೆ ಅವಕಾಶ ಕೊಟ್ಟಾಗಲೇ ಒಳಗೊಳಗೆ ಅದನ್ನು ವಿಡಿಯೋ ಆಗಿ ಬದಲಿಸಿ ತೋರಿಸತೊಡಗಿತ್ತು. ಉದ್ದನೆಯ ಅಥವಾ ಮಾತು ಬೇಕಾದ ಪಾಠಕ್ಕೆ ವಿಡಿಯೋ ಬಿಟ್ಟರೆ ಬೇರೆಯದು ಸಲ್ಲದು. ಜಿಫ್‌ನ ಇನ್ನೊಂದು ಕೊರತೆ ಗಾತ್ರಕ್ಕೆ ಸಂಬಂಧಿಸಿದ್ದಲ್ಲ: ಅದಕ್ಕೆ ನಿಲ್ಲಿಸುವ ಗುಂಡಿಯೇ ಇಲ್ಲ. ಅಂಗವಿಕಲರಿಗೂ ಜಾಲತಾಣಗಳು ದಕ್ಕಬೇಕೆಂದು ರೂಪುಗೊಂಡಿರುವ ಡಬ್ಲ್ಯುಸಿಎಜಿ ಮಾರ್ಗಸೂಚಿಯ ಪ್ರಕಾರ, ತಾನಾಗಿಯೇ ಶುರುವಾಗಿ ಬೇರೆ ವಿಷಯದ ಪಕ್ಕದಲ್ಲಿ ಐದು ಸೆಕೆಂಡಿಗೂ ಹೆಚ್ಚು ಹೊತ್ತು ಚಲಿಸುವುದನ್ನು ಓದುಗ ನಿಲ್ಲಿಸುವಂತಿರಬೇಕು. ಕೊನೆಯಿಲ್ಲದೆ ಸುತ್ತುವ ಜಿಫ್ ಈ ಮಿತಿಯನ್ನು ಸಹಜವಾಗಿಯೇ ದಾಟುತ್ತದೆ. ಸುತ್ತುಗಳ ಸಂಖ್ಯೆಯನ್ನು ಕಡತದಲ್ಲೇ ಬರೆದಿಡಬಹುದಾದ್ದರಿಂದ, ಒಟ್ಟು ಓಟ ಐದು ಸೆಕೆಂಡಿನೊಳಗೆ ಮುಗಿಯುವಂತೆ ಮಾಡುವುದು ಒಂದು ದಾರಿ. ಮೊದಲಿಗೆ ನಿಶ್ಚಲ ಚಿತ್ರವನ್ನಿಟ್ಟು, ಒತ್ತಿದಾಗ ಮಾತ್ರ ಚಲಿಸುವಂತೆ ಪುಟವನ್ನು ಕಟ್ಟುವುದು ಇನ್ನೊಂದು.